ತೊಮ್ಮಾಳ ಅಡುಗೆಮನೆಯಿಂದ ಹೊರಬರುವ ದಾರಿ

ಇದನ್ನು ಪೂರ್ತಿ ಕೇಳಿಬಿಡಿ. ಕಂಪ್ಯೂಟರ್ ಆಟದ ವಿಷಯ ತಾನೇ ಎಂದು ಅರ್ಧದಲ್ಲಿ ಎದ್ದು ಹೋಗಬೇಡಿ. ಆಟದ ವಿಷಯವೇ ಹೌದು. ಆದರೆ ಆ ಆಟದೊಳಗೆ ಒಬ್ಬ ಹೆಂಗಸಿನ ದನಿ ಇದೆ, ಆ ದನಿಯ ಮುಂದೆ ದಿನಾ ಬಂದು ಕೂರುತ್ತಿದ್ದ ಅವಳ ಗಂಡ ಇದ್ದಾರೆ, ಅವರಿಬ್ಬರ ನಡುವೆ ಕೈ ಹಾಕಿದವಳು ನಾನು. ಕೇಳಿದ ಮೇಲೆ ನಿಮ್ಮನ್ನು ಒಂದು ಮಾತು ಕೇಳುವುದಿದೆ.

ಮೊದಲು ಮೆನ್ನೊ. ಉತ್ತರ ಜರ್ಮನಿಯ ಲೇರ್ ಊರಿನಲ್ಲಿ, ಬಂದರಿನ ಹಿಂದಿನ ಬೀದಿಯಲ್ಲಿ ಅವನದು ಟೀವಿ ರೇಡಿಯೊ ರಿಪೇರಿ ಅಂಗಡಿ. ಅಂಗಡಿಯ ಮೇಲೆಯೇ ಅವನ ಮನೆ. ಹೊರಗಿನಿಂದ ನೋಡಿದರೆ ಅಷ್ಟೇ, ಗಡ್ಡ ಬಿಟ್ಟ ಒಬ್ಬ ಮೆಕ್ಯಾನಿಕ್. ಆದರೆ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನಲ್ಲಿ ಅವನ ಹೆಸರು ಕೇಳಿದರೆ ಕುರ್ಚಿಯಿಂದ ಏಳುವ ಜನ ಇದ್ದರು! ಎಷ್ಟು ಜನ ಎಂದರೆ, ಒಂದು ದೊಡ್ಡ ಹಾಲ್ ತುಂಬುವಷ್ಟು. ನಮಗೆ ಅದೇ ಜಗತ್ತು.

ಸಾಹಸದ ಆಟಗಳು ನೆನಪಿದೆಯಲ್ಲವೇ? ಪರದೆಯ ಮೇಲೆ ಒಂದು ಕೋಣೆ, ಕೋಣೆಯಲ್ಲೊಬ್ಬ ಪೆದ್ದು ನಾಯಕ. ಕೆಳಗೆ ನೋಡು, ತಗೋ, ಬಳಸು, ಮಾತಾಡು ಎಂಬ ಮಾತುಗಳು. ಹಗ್ಗವನ್ನು ಕೊಕ್ಕೆಗೆ ಕಟ್ಟು, ಮೀನನ್ನು ಬೆಕ್ಕಿಗೆ ಕೊಡು, ಬಾಗಿಲು ತೆರೆಯುತ್ತದೆ, ಮುಂದಿನ ಕೋಣೆ. ಇಂಥ ಆಟ ಮಾಡುತ್ತಿದ್ದ ಕಂಪನಿಗಳಿಗೆಲ್ಲ ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಗುಂಡು ಹಾರಿಸುವ ಆಟಗಳ ಹುಚ್ಚು ಹಿಡಿಯಿತು. ನಮ್ಮ ಆಟಗಳನ್ನು ಕೇಳುವವರಿಲ್ಲ. ಮೆನ್ನೊ ಒಂದು ಚಳಿಗಾಲ ತನಗಿಷ್ಟವಾದ ಹಳೆಯ ಆಟವೊಂದರ ಹೊಟ್ಟೆ ಸೀಳಿಕೊಂಡು ಕೂತ. ಫೈಲ್ ತೆರೆದರೆ ಬರೀ ಅಂಕಿಗಳ ಗೋಡೆ. ಆ ಗೋಡೆಯಲ್ಲಿ ಯಾವ ಅಂಕಿ ಕೋಣೆಯ ಚಿತ್ರ, ಯಾವುದು ನಾಯಕ ಕಾಲಿಡಬಹುದಾದ ನೆಲ, ಯಾವುದು ಬಾಗಿಲ ಸದ್ದು ಎಂದು ಒಂದೊಂದನ್ನೇ ಬದಲಿಸಿ, ಕೆಡಿಸಿ, ಮತ್ತೆ ಓಡಿಸಿ ಕಂಡುಹಿಡಿದ. ಆಮೇಲೆ ತಾನೇ ಒಂದು ಸಾಧನ ಬರೆದ. ಯಾರು ಬೇಕಾದರೂ ಕೋಣೆ ಬಿಡಿಸಿ, ನೆಲಕ್ಕೆ ಬಣ್ಣ ಬಳಿದು, 'ಇದನ್ನು ಅದರ ಮೇಲೆ ಬಳಸಿದರೆ ಹೀಗಾಗಲಿ' ಎಂದು ಬರೆದು ಸ್ವಂತ ಆಟ ಕಟ್ಟಬಹುದು. ಅದಕ್ಕೆ ಲಾಟೀನು ಎಂದು ಹೆಸರಿಟ್ಟು ಪುಕ್ಕಟೆ ಹಂಚಿದ.

ಲಾಟೀನಿನಲ್ಲಿ ಎರಡು ವಿಶೇಷ. ಆಟ ಕಟ್ಟುವವನು ಯಾವುದೋ ಒಂದು ಕೆಲಸಕ್ಕೆ ಉತ್ತರ ಬರೆಯುವುದನ್ನು ಮರೆತಿದ್ದರೆ ನಾಯಕ ತಾನಾಗಿಯೇ ಹೇಳುತ್ತಿದ್ದ: 'ಇದಕ್ಕೆ ಇನ್ನೂ ಏನೂ ಬರೆದಿಲ್ಲ.' ಅದು ನಮ್ಮೆಲ್ಲರ ಬಾಯಿಮಾತಾಗಿತ್ತು. ಕೆಲಸ ಹೋಯಿತಂತೆ, ಏನ್ ಮಾಡ್ತೀಯ? ಇದಕ್ಕೆ ಇನ್ನೂ ಏನೂ ಬರೆದಿಲ್ಲ. ಎರಡನೆಯದು ಒಂದು ನೇಮ. ಸಾಧನದ ಜೊತೆ ಬರುತ್ತಿದ್ದ ವಿವರಣೆಯ ಮೊದಲ ಸಾಲಿನಲ್ಲೇ ಮೆನ್ನೊ ಬರೆದಿದ್ದ: ಆಡುವವನು ಎಲ್ಲೂ ಸಿಕ್ಕಿಬೀಳಬಾರದು, ಪ್ರತಿ ಕೋಣೆಯಿಂದಲೂ ಹೊರಬರುವ ದಾರಿ ಇರಬೇಕು. ವರ್ಷಕ್ಕೊಮ್ಮೆ, ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪೆಂಟೆಕೋಸ್ಟ್ ಹಬ್ಬದ ರಜೆಗೆ, ಲಾಟೀನಿನವರೆಲ್ಲ ಕಾಸೆಲ್‌ನಲ್ಲಿ ಸೇರಿ ತಮ್ಮ ತಮ್ಮ ಅರೆಬರೆ ಆಟಗಳನ್ನು ಹಂಚಿಕೊಳ್ಳುತ್ತಿದ್ದರು. ಈ ನೇಮ ಮುರಿದ ಆಟಕ್ಕೆ ಅಲ್ಲಿ ಮೇಜು ಸಿಗುತ್ತಿರಲಿಲ್ಲ.

ನಾನು ಇಮ್ಕೆ. ಅಂಗಡಿ ಬೋರ್ಡು ಬರೆಯುವವರ ಹತ್ತಿರ ಕೆಲಸ ಕಲಿಯುತ್ತಿದ್ದೆ, ಸಂಜೆ ಮೆನ್ನೊನ ಮಹಡಿಗೆ ಹೋಗಿ ಲಾಟೀನಿನಲ್ಲಿ ಕೋಣೆಗಳನ್ನು ಬಿಡಿಸುತ್ತಿದ್ದೆ. ನನ್ನ ಹತ್ತಿರ ಏಳೆಂಟು ಆಟಗಳ ಮೊದಲ ಕೋಣೆ ಇತ್ತು. ಕೊನೆಯ ಕೋಣೆ ಒಂದರದ್ದೂ ಇರಲಿಲ್ಲ. ಯಾರ ಹತ್ತಿರವೂ ಇರುತ್ತಿರಲಿಲ್ಲ ಬಿಡಿ. ಎಲ್ಲಕ್ಕಿಂತ ತಮಾಷೆ ಎಂದರೆ, ಸಾಧನ ಮಾಡಿದ ಮೆನ್ನೊನೇ ಒಂದು ಆಟವನ್ನೂ ಮುಗಿಸಿರಲಿಲ್ಲ.

ಅವನ ತಾಯಿ ತೊಮ್ಮಾ, ನಾನು ಪ್ರೀತಿಗೆ ಅತ್ತೆ ಎನ್ನುತ್ತಿದ್ದವರು, ಅದನ್ನೇ ಹಿಡಿದು ಕುಟುಕುತ್ತಿದ್ದರು. "ಊರಿಗೆಲ್ಲ ಒಲೆ ಹಾಕ್ಕೊಟ್ಟ ನನ್ಮಗ, ತನ್ನ ಮನೇಲಿ ಒಂದು ರೊಟ್ಟಿ ಸುಟ್ಟಿಲ್ಲ."

"ಅಮ್ಮಾ, ಸಾಧನ ಮೊದ್ಲು ಸರಿಯಾಗ್ಬೇಕು."

"ಸರಿಯಾಗತ್ತೆ ಸರಿಯಾಗತ್ತೆ. ನಿಮ್ಮಪ್ಪಾನೂ ಹಿಂಗೇ ನಲವತ್ ವರ್ಷ ಆ ಬಾಗಿಲ ಕೀಲಿಗೆ ಎಣ್ಣೆ ಬಿಡ್ತೀನಿ ಬಿಡ್ತೀನಿ ಅಂತಿದಾನೆ. ಅಲ್ವೇನೋ ಓಕ್ಕೊ?"

ಓಕ್ಕೊ ಮಾವ ಪೇಪರಿನ ಹಿಂದಿನಿಂದ, "ಕೀಲು ಕಿರ್ ಅನ್ನೋದ್ರಿಂದ್ಲೇ ನೀನು ಬಂದೆ ಅಂತ ಗೊತ್ತಾಗೋದು," ಎಂದರು.

ಅವರು ಎಮ್ಸ್ ನದಿಯಲ್ಲಿ ದೋಣಿ ನಡೆಸುತ್ತಿದ್ದವರು. ಜೀವನವಿಡೀ ಈ ದಡದಿಂದ ಆ ದಡ, ಆ ದಡದಿಂದ ಈ ದಡ. ಮಾತು ಕಮ್ಮಿ. ಮನೆಯ ಮಾತೆಲ್ಲ ತೊಮ್ಮಾ ಅತ್ತೆಯದೇ. ಅವರು ಮಾತಾಡುವುದು, ಇವರು ಚಹಾ ಕುಡಿಯುತ್ತ ಕೇಳುವುದು, ಅದೇ ಅವರ ಸಂಸಾರ.

ಆಮೇಲೆ ತೊಮ್ಮಾ ಅತ್ತೆಯ ಗಂಟಲಲ್ಲಿ ಗಡ್ಡೆ ಕಂಡಿತು. ಆಪರೇಷನ್ ಮಾಡಿದರೆ ಜೀವ ಉಳಿಯಬಹುದು, ದನಿ ಮಾತ್ರ ಹೋಗುತ್ತದೆ ಎಂದರು ಡಾಕ್ಟರು. ಮೊದಲು ಮಾತೆತ್ತಿದವರು ಅತ್ತೆಯೇ.

"ಮೆನ್ನೊ, ಆ ನಿನ್ನ ಆಟದಲ್ಲಿ ಮಾತು ಹಾಕ್ಬಹುದು ಅಂತಿದ್ಯಲ್ಲ? ಹಾಕು. ನನ್ನ ಮಾತು ಹಾಕು. ಹೆಂಗಿದ್ರೂ ಬಿಸಾಕೋ ದನಿ, ಯಾರಾದ್ರೂ ಉಪಯೋಗಿಸ್ಕೊಳ್ಳಿ."

ಹೀಗೆ ಶುರುವಾಯಿತು ಮೆನ್ನೊನ ಆಟ. ಮಂಜಿನಲ್ಲಿ ದೋಣಿಯ ಗಂಟೆ ಕಳೆದುಹೋಗಿದೆ, ಒಬ್ಬ ಹುಡುಗ ಅದನ್ನು ಹುಡುಕಿಕೊಂಡು ಹೊರಡುತ್ತಾನೆ. ದಾರಿಯಲ್ಲಿ ಒಂದು ಅಡುಗೆಮನೆ, ಅಲ್ಲೊಬ್ಬಳು ಅಜ್ಜಿ. ಅಡುಗೆಮನೆ ಬಿಡಿಸಿದ್ದು ನಾನೇ, ಅತ್ತೆಯ ಮನೆಯದನ್ನೇ ನೋಡಿಕೊಂಡು: ನೀಲಿ ಹಂಚಿನ ಗೋಡೆ, ಕಿಟಕಿಯಲ್ಲಿ ನದಿಯ ನೀರು ತಡೆಯುವ ಏರಿ, ಏರಿಯ ಮೇಲೆ ಒಂದು ಕುರಿ. ಹುಡುಗ ಒಳಗೆ ಬಂದರೆ ಅಜ್ಜಿ ಕೂರಿಸಿ ಚಹಾ ಬಗ್ಗಿಸುತ್ತಾಳೆ, ಕಪ್ ಖಾಲಿಯಾದರೆ ಮತ್ತೆ ಬಗ್ಗಿಸುತ್ತಾಳೆ. ಹುಡುಗ ಚಮಚವನ್ನು ಕಪ್ಪಿನಲ್ಲಿಟ್ಟರೆ ಅಜ್ಜಿ ಬೀಳ್ಕೊಡುತ್ತಾಳೆ, ಬಾಗಿಲು ತೆರೆಯುತ್ತದೆ. ನಮ್ಮಲ್ಲಿ ಯಾವ ಮನೆಯಲ್ಲಾದರೂ ಆಗುವುದೇ ಅದು.

ಮಧ್ಯಾಹ್ನಗಳಲ್ಲಿ ಅತ್ತೆಯ ಅಡುಗೆಮನೆಯಲ್ಲೇ ದನಿ ಹಿಡಿದೆವು. ಮೈಕು ಹಿಡಿಯುವುದು ನನ್ನ ಕೆಲಸ. ಅತ್ತೆಗೆ ಬರೆದುಕೊಟ್ಟಿದ್ದನ್ನು ಓದಿ ಗೊತ್ತೇ ಇಲ್ಲ. "ಇದೇನೋ ಇದು, 'ಇನ್ನೊಂದು ಬಟ್ಟಲು ಸ್ವೀಕರಿಸು'? ಯಾರೋ ಹಂಗೆ ಮಾತಾಡ್ತಾರೆ, ಪಾದ್ರೀನಾ?" ಎಂದು ಕಾಗದ ಮಡಚಿ ಪಾತ್ರೆಯ ಕೆಳಗಿಟ್ಟರು. ಆಮೇಲೆ ತಮಗೆ ಬಂದಿದ್ದನ್ನು ಹೇಳಿದರು.

"ಇನ್ನೊಂದ್ ಕಪ್ ಕುಡಿ. ಒಂದೇ ಕಪ್ಪಿಗೆ ಏಳೋರು ಜಪ್ತಿಗೆ ಬಂದೋರು ಮಾತ್ರ."

"ಕಲಕ್ಬೇಡ! ಯಾರಪ್ಪಾ ನಿನ್ನ ಬೆಳೆಸಿದ್ದು? ಕೆನೆ ಮೋಡದ್ ಥರ ತಾನೇ ಮೇಲೆ ಬರ್ಬೇಕು."

"ಕಲ್ಲುಸಕ್ಕರೆ ಚಟಪಟ ಅಂತಿದೆ ಕೇಳು. ಅದು ಮಾತಾಡೋವಾಗ ನಾವು ಸುಮ್ನಿರ್ಬೇಕು."

"ಗಾಳಿ ನೋಡು. ಈ ಗಾಳೀಲಿ ಎಲ್ಲಿಗ್ ಹೋಗ್ತೀಯ, ಕೂತ್ಕೋ."

ಒಂದರ ನಡುವೆ ಕೆಮ್ಮು ಬಂತು. ಮೆನ್ನೊ ಮತ್ತೊಮ್ಮೆ ಹೇಳಿಸೋಣ ಎಂದ. "ಕೆಮ್ಮೂ ನಂದೇ ಅಲ್ವಾ, ಇರ್ಲಿ ಬಿಡು," ಎಂದರು. ಬಾಗಿಲ ಹತ್ತಿರದ ಮಾತನ್ನೂ ಹೇಳಿದರು: "ಸರಿ ಹಂಗಾದ್ರೆ, ಹೋಗ್ಬಾ. ಏರಿ ಮೇಲೆ ಹೋಗ್ಬೇಡ, ಜಾರತ್ತೆ. ಕೆಳಗಿನ್ ದಾರೀಲ್ ಹೋಗು. ದೀಪ ಇಟ್ಟಿರ್ತೀನಿ."

ಕೊನೆಯ ಮಧ್ಯಾಹ್ನ ಮೆನ್ನೊ ಕೇಕ್ ತರಲು ಬೇಕರಿಗೆ ಹೋಗಿದ್ದ. ಓಕ್ಕೊ ಮಾವ ಹಿತ್ತಲಲ್ಲಿ ಸೌದೆ ಜೋಡಿಸುತ್ತಿದ್ದರು. ಅತ್ತೆ ಕಿಟಕಿಯಿಂದ ಅವರನ್ನು ನೋಡುತ್ತಿದ್ದವರು ನನ್ನ ಕಡೆ ತಿರುಗಿದರು.

"ಮಿಶಿನ್ನು ಓಡ್ತಿದ್ಯೇನೇ?"

"ಓಡ್ತಿದೆ ಅತ್ತೆ."

"ಹಂಗಾದ್ರೆ ಇದನ್ನೂ ತಗೋ." ಮೇಜಿನ ಆಚೆ ಬದಿಯ ಖಾಲಿ ಕುರ್ಚಿಯ ಕಡೆ ನೋಡಿದರು. ಬೇರೆ ಮಾತುಗಳನ್ನೆಲ್ಲ ಅವರು ಹೇಳಿದ್ದು ಮೈಕಿಗೆ. ಇದನ್ನು ಹೇಳಿದ್ದು ಆ ಕುರ್ಚಿಗೆ. "ಓಕ್ಕೊ, ಸಾಕು ಮಾರಾಯ ಇನ್ನು. ಚಮಚ ಇಡು."

ನಾನು ಮೈಕು ಹಿಡಿದೇ ಇದ್ದೆ. ಆ ಮಾತಿನ ತುಣುಕೂ ಮಿಶಿನ್ನಿಗೆ ಸೇರಿತು.

"ಅವನು ಒಂದ್ಸಲ ಕೂತ್ರೆ ಏಳೋ ಗಿರಾಕಿಯಲ್ಲ ಕಣೇ," ಎಂದರು ಅತ್ತೆ. "ನಾನ್ ಹೋದ್ಮೇಲೆ ಈ ಡಬ್ಬದ್ ಮುಂದೆ ಕೂತೇಬಿಡ್ತಾನೆ. ಕೂತ್ಕೊಳ್ಳಿ, ಒಂದಷ್ಟ್ ದಿನ ಕೂತ್ಕೊಳ್ಳಿ, ಬೇಡ ಅನ್ನಲ್ಲ. ಜಾಸ್ತಿ ಆಯ್ತು ಅನ್ಸಿದಾಗ ಇದನ್ನ ಕೇಳ್ಸು."

"ಅತ್ತೆ, ನೀವೆಲ್ ಹೋಗ್ತೀರಾ, ಆಪರೇಷನ್ ಆದ್ರೆ..."

"ಸುಮ್ನಿರು. ಕೇಳ್ಸ್ತೀಯಾ ಇಲ್ವಾ?"

"ಜಾಸ್ತಿ ಆಯ್ತು ಅಂತ ನಂಗ್ ಹೆಂಗ್ ಗೊತ್ತಾಗತ್ತೆ?"

"ಗೊತ್ತಾಗತ್ತೆ. ಮೆನ್ನೊಗ್ ಹೇಳ್ಬೇಡ. ಅವನು ಅಪ್ಪನ್ ಮಗ, ಕೇಳ್ಸೋದೇ ಇಲ್ಲ."

ಅಷ್ಟರಲ್ಲಿ ಬಾಗಿಲು ಕಿರ್ ಎಂದಿತು. ಮೆನ್ನೊ ಕೇಕ್ ಹಿಡಿದು ಬಂದ.

ಆಪರೇಷನ್ ಆಯಿತು. ದನಿ ಹೋಯಿತು. ಸ್ವಲ್ಪ ಕಾಲ ಅತ್ತೆ ಸ್ಲೇಟಿನ ಮೇಲೆ ಬರೆದು ನಮ್ಮನ್ನು ಬೈಯುತ್ತಿದ್ದರು. ಆಮೇಲೆ ಸ್ಲೇಟು ಹಿಡಿಯುವ ಶಕ್ತಿಯೂ ಹೋಯಿತು. ಚಳಿ ಇಳಿಯುವ ಮೊದಲೇ ತೀರಿಕೊಂಡರು. ಮಣ್ಣಿಗೆ ಲಾಟೀನಿನವರು ಕೂಡಿ ಒಂದು ಹೂವಿನ ಚಕ್ರ ಕಳಿಸಿದ್ದರು. ಅತ್ತೆಯ ಮುಖ ಅವರಲ್ಲಿ ಒಬ್ಬರೂ ನೋಡಿರಲಿಲ್ಲ, ಹೀಗೊಬ್ಬ ಅಜ್ಜಿ ಆಟದಲ್ಲಿ ಬರುತ್ತಾರಂತೆ ಎಂಬುದಷ್ಟೇ ಗೊತ್ತಿತ್ತು. ಸಮಾಧಿಯ ಹತ್ತಿರ ಪಾದ್ರಿ ಮೆನ್ನೊನನ್ನು ಎರಡು ಮಾತಾಡಪ್ಪಾ ಎಂದು ಕರೆದರು. ಅವನು ಟೋಪಿ ತಿರುಚುತ್ತ ನಿಂತ. "ಇದಕ್ಕೆ ಇನ್ನೂ ಏನೂ ಬರೆದಿಲ್ಲ," ಎಂದ. ಜನಕ್ಕೆ ಅರ್ಥವಾಗಲಿಲ್ಲ. ನಾನೊಬ್ಬಳೇ ಅತ್ತಿದ್ದು ಆಗ.

ಅತ್ತೆ ಹೇಳಿದಂತೆಯೇ ಆಯಿತು. ಮಣ್ಣಾದ ಮುಂದಿನ ವಾರ ಓಕ್ಕೊ ಮಾವ ಮೆನ್ನೊನ ಮಹಡಿ ಹತ್ತಿ ಬಂದರು. ಬಗಲಲ್ಲಿ ಬಟ್ಟೆ ಸುತ್ತಿದ ಒಂದು ಗಂಟು. ಅದರಲ್ಲಿ ಅವರದೇ ಕಪ್ಪು, ತಟ್ಟೆ, ಚಮಚ.

"ಮೊಯಿನ್," ಎಂದು ನಮ್ಮ ಕಡೆಯ ನಮಸ್ಕಾರ ಹೇಳಿದರು. "ಅವಳನ್ನ ಹಾಕು."

ಮೆನ್ನೊ ಆಟ ಓಡಿಸಿ, ಹುಡುಗನನ್ನು ಅಡುಗೆಮನೆಗೆ ನಡೆಸಿ, ಎದ್ದು ಜಾಗ ಬಿಟ್ಟ. ಮಾವ ಕೂತರು. ಅವರು ಮೌಸ್ ಮುಟ್ಟುವುದೇ ಬೇಕಿರಲಿಲ್ಲ. ಅಡುಗೆಮನೆಯಲ್ಲಿ ಸುಮ್ಮನಿದ್ದರೆ ಅಜ್ಜಿ ಬಗ್ಗಿಸುತ್ತಾಳೆ, ಹುಡುಗ ಕುಡಿಯುತ್ತಾನೆ, ಮತ್ತೆ ಬಗ್ಗಿಸುತ್ತಾಳೆ. ಇನ್ನೊಂದ್ ಕಪ್ ಕುಡಿ. ಕಲಕ್ಬೇಡ. ಗಾಳಿ ನೋಡು. ಕೆಮ್ಮು. ಮತ್ತೆ ಮೊದಲಿನಿಂದ. ಮಾವ ತಮ್ಮ ಕಪ್ಪಿಗೆ ಕೆಟಲಿನಿಂದ ಬಗ್ಗಿಸಿಕೊಂಡು ಅವಳ ಜೊತೆ ಕುಡಿದರು. ಕತ್ತಲಾಗುವ ಹೊತ್ತಿಗೆ ಎದ್ದು, ಚಮಚವನ್ನು ತಟ್ಟೆಯಲ್ಲೇ ಬಿಟ್ಟು, ಎಲ್ಲ ಒರೆಸಿ ಗಂಟು ಕಟ್ಟಿಕೊಂಡು ಹೋದರು. ಪರದೆಯ ಮೇಲೂ ಚಮಚ ಕದಲಲಿಲ್ಲ, ಮೇಜಿನ ಮೇಲೂ ಕದಲಲಿಲ್ಲ.

ಮಾರನೆಯ ದಿನ ಮತ್ತೆ ಬಂದರು. ಅದರ ಮಾರನೆಯ ದಿನವೂ. ಚಹಾ ಹೊತ್ತೆಂದರೆ ಅವರು ಮಹಡಿಯಲ್ಲಿ. ಮೆನ್ನೊ ಅಂಗಡಿ ಮುಚ್ಚಿ ಮೇಲೆ ಬಂದು, ಅವರ ಹಿಂದೆ ಮಂಚದ ಮೇಲೆ ಕೂತು ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೊಡುತ್ತಿದ್ದ. ಮನೆಯಲ್ಲಿ ಏನೂ ಮುಟ್ಟದವರು ಇಲ್ಲಿ ಅದನ್ನು ತಿನ್ನುತ್ತಿದ್ದರು. ನಾವು ಹಿಡಿದಿದ್ದ ಅಮ್ಮನ ದನಿಯ ಬೇರೆ ತುಣುಕುಗಳನ್ನು ಕೇಳಲಾರದ ಮೆನ್ನೊ ಅಪ್ಪನ ಬೆನ್ನ ಹಿಂದೆ ಇದ್ದರೆ ಆಟದೊಳಗಿನ ಇಷ್ಟನ್ನು ಮಾತ್ರ ಕೇಳಬಲ್ಲವನಾಗಿದ್ದ.

ಇದರ ನಡುವೆ ಕಾಸೆಲ್ ಕೂಟ ಹತ್ತಿರ ಬರುತ್ತಿತ್ತು. ಅಲ್ಲಿ ಆಟ ಹಂಚುತ್ತೇನೆ ಎಂದು ಮೆನ್ನೊ ಅಮ್ಮನಿಗೆ ಮಾತು ಕೊಟ್ಟಿದ್ದ. ಪರೀಕ್ಷಿಸಿ ನೋಡಿ ಎಂದು ನಾಲ್ಕಾರು ಗೆಳೆಯರಿಗೆ ಕಳಿಸಿದ. ಗ್ರಾಟ್ಸ್ ಊರಿನ ಪೋಲ್ಡಿಯಿಂದ ಮೊದಲ ಉತ್ತರ ಬಂತು. ಪೋಲ್ಡಿ ಎಂದರೆ ಆಟದಲ್ಲಿರುವ ಪ್ರತಿ ವಸ್ತುವನ್ನು ಪ್ರತಿ ವಸ್ತುವಿನ ಮೇಲೂ ಬಳಸಿ ನೋಡದೆ ಬಿಡದ ಮನುಷ್ಯ. ನಾನೇ ಜೋರಾಗಿ ಓದಿ ಹೇಳಿದೆ:

"'ಲೋ ಮೆನ್ನೊ, ಈ ಅಜ್ಜಿ ನನ್ನನ್ನ ಚಹಾದಲ್ಲೇ ಮುಳುಗಿಸಿ ಕೊಲ್ತಾಳೇನೋ? ನಮ್ ಹೀರೋ ಕುಡಿದಿರೋ ಚಹಾ ಡ್ಯಾನ್ಯೂಬಿಗೆ ಬಿಟ್ರೆ ಪ್ರವಾಹ ಬರತ್ತೆ. ಬಾಗಿಲು ಎಳೆದೆ, ಕಿಟಕಿ ಒಡೆಯೋಕ್ ಹೋದೆ, ಕುರಿ ಜೊತೆ ಮಾತಾಡ್ದೆ. ಹೊರಗ್ ಹೋಗೋದ್ ಹೆಂಗಪ್ಪಾ? ಪ್ರತಿ ಕೋಣೇಲೂ ದಾರಿ ಇರ್ಬೇಕು ಅಂತ ಬರ್ದೋನು ನೀನೇ ಅಲ್ವಾ?'"

ಮೆನ್ನೊ ಒಂದು ಕ್ಷಣ ಕಣ್ಣು ಕಣ್ಣು ಬಿಟ್ಟ. ಆಮೇಲೆ ನಗತೊಡಗಿದ. ಮಣ್ಣಾದ ಮೇಲೆ ಅದೇ ಮೊದಲು. "ಚಮಚ! ಇಮ್ಕೆ, ಇವರಿಗೆ ಚಮಚ ಗೊತ್ತಿಲ್ಲ! ಸಾಕು ಅಂದ್ರೆ ಕಪ್ಪಲ್ಲಿ ಚಮಚ ಇಡ್ಬೇಕು ಅಂತ ಗೊತ್ತಿಲ್ಲ ಇವರಿಗೆ!"

ನಿಜ, ನಮಗೆ ಹೊಳೆದೇ ಇರಲಿಲ್ಲ. ಪೋಲ್ಡಿಯಂಥ ಪೋಲ್ಡಿಯೇ ಚಮಚವನ್ನು ಕೈಗೆತ್ತಿಕೊಂಡಿರಲಿಲ್ಲ, ಅದು ಕಪ್ಪಿನ ಚಿತ್ರದ ಭಾಗ ಎಂದುಕೊಂಡಿದ್ದನಂತೆ. ಏರಿಯಾಚೆಯ ಜನ ಸುಮ್ಮನೆ 'ಬೇಡ' ಎಂದು ಎದ್ದುಬಿಡುತ್ತಾರಂತೆ! ಉಳಿದವರ ಉತ್ತರಗಳೂ ಇದೇ. ಜಗತ್ತೆಲ್ಲ ತೊಮ್ಮಾ ಅತ್ತೆಯ ಅಡುಗೆಮನೆಯಲ್ಲಿ ಸಿಕ್ಕಿಬಿದ್ದಿತ್ತು.

ನಗು ಇಳಿದ ಮೇಲೆ ಮೆನ್ನೊ ಕಣ್ಣೊರೆಸಿಕೊಂಡ. "ಒಂದು ಸುಳಿವು ಕೊಡ್ಬೇಕು. ತುಂಬ ಹೊತ್ತು ಕೂತ್ರೆ ಅಜ್ಜೀನೇ ಚಮಚದ್ ಬಗ್ಗೆ ಏನಾದ್ರೂ ಹೇಳ್ಬೇಕು. ಅಮ್ಮ ಮಾತಿನ್ ಮಧ್ಯ ಎಲ್ಲಾದ್ರೂ ಹೇಳಿರ್ತಾಳೆ. ಹುಡುಕ್ತೀಯಾ? ನಂಗದನ್ನೆಲ್ಲ ಕೇಳೋಕಾಗಲ್ಲ ಇಮ್ಕೆ."

ನಾನು ಹುಡುಕಬೇಕಿರಲಿಲ್ಲ. ಎಲ್ಲಿದೆ ಎಂದು ಗೊತ್ತಿತ್ತು.

ಆ ತುಣುಕಿನಿಂದ ಹೆಸರನ್ನು ಕತ್ತರಿಸಿದೆ. 'ಓಕ್ಕೊ' ಮತ್ತು 'ಸಾಕು' ಒಂದೇ ಉಸಿರಿನಲ್ಲಿ ಬಂದಿದ್ದರಿಂದ ಎಲ್ಲಿ ಕೊಯ್ದರೂ 'ಸಾಕು' ಎಂಬುದರ ತಲೆ ಸ್ವಲ್ಪ ಒಡೆಯುತ್ತಿತ್ತು. ಆದರೂ ಕೇಳುವಂತಾಯಿತು: 'ಸಾಕು ಮಾರಾಯ ಇನ್ನು. ಚಮಚ ಇಡು.' ಹೆಸರಿದ್ದ ತುಣುಕನ್ನು ಬೇರೆ ಇಟ್ಟೆ. ಮೆನ್ನೊ ಕತ್ತರಿಸಿದ್ದನ್ನು ಒಂದೇ ಒಂದು ಸಲ ಕೇಳಿದ, ಮುಖ ತಿರುಗಿಸಿಕೊಂಡ.

"ಇದನ್ನ ಕಾಸೆಲ್‌ನಲ್ಲಿ ಹಂಚೋ ಡಿಸ್ಕಿಗೆ ಹಾಕು," ಎಂದ. "ಅಪ್ಪ ಕೂರೋ ಈ ಮಿಶಿನ್ನಿಗೆ ಬೇಡ. ಅಪ್ಪಂಗೆ ಹಳೇದೇ ಇರ್ಲಿ."

"ಅವ್ರು ಹಿಂಗೇ ಕೂತಿರ್ಬೇಕಾ ಮೆನ್ನೊ?"

"ಕೂತಿರ್ಲಿ. ಯಾರಿಗ್ ಏನ್ ತೊಂದ್ರೆ?"

ಯಾರಿಗೂ ತೊಂದರೆ ಇರಲಿಲ್ಲ, ಅದೂ ನಿಜ. ಆದರೆ ಮಾವ ಈಚೆಗೆ ಪರದೆಗೆ ಉತ್ತರ ಕೊಡತೊಡಗಿದ್ದರು. ಗಾಳಿ ನೋಡು ಎಂದರೆ, "ಹ್ಞೂಂ, ಪಡುವಣ ಗಾಳಿ," ಎನ್ನುತ್ತಿದ್ದರು. ಕೆಮ್ಮು ಬಂದಾಗ ನನ್ನ ಕಡೆ ತಿರುಗಿ, "ಇವತ್ತು ಕೆಮ್ಮು ಕಮ್ಮಿ ಅವಳಿಗೆ," ಎಂದರು. ಅದೇ ಕೆಮ್ಮು. ದಿನಾ ಅದೇ ಒಂದು ಕೆಮ್ಮು.

ಆಮೇಲೆ ಹಿಂಡರ್ಕ್ ಬಂದ. ಈಗ ದೋಣಿ ನಡೆಸುವವನು ಅವನು. ಮಾವನ ಕೈಕೆಳಗೆ ಕಲಿತವನು. ಪ್ರತಿ ವಸಂತಕ್ಕೆ ದೋಣಿ ಮೊದಲ ಸಲ ನದಿಗಿಳಿಯುವಾಗ ಗಂಟೆ ಹೊಡೆಯುವುದು ಓಕ್ಕೊ ಮಾವ. ನಿವೃತ್ತರಾದ ಮೇಲೂ ತಪ್ಪಿಸಿರಲಿಲ್ಲ. ಅವರು ಹೊಡೆಯದೆ ಆ ದಡಕ್ಕೆ ಹೋದರೆ ಶಕುನ ಸರಿಯಿಲ್ಲ ಎನ್ನುತ್ತಾರೆ ನದಿಯವರು. ಹಿಂಡರ್ಕ್ ಮಹಡಿಯ ಬಾಗಿಲಲ್ಲಿ ಟೋಪಿ ತೆಗೆದು ನಿಂತ.

"ಬಾಸು, ದೋಣಿ ರೆಡಿ ಇದೆ. ಜನ ಎಲ್ಲ ಕಾಯ್ತಿದಾರೆ. ಗಂಟೆಗೆ ಹಿತ್ತಾಳೆ ಪಾಲಿಶ್ ಮಾಡ್ಸಿದೀನಿ, ಮುಖ ಕಾಣತ್ತೆ ಅದ್ರಲ್ಲಿ."

"ಈಗಾಗಲ್ಲ ಹಿಂಡರ್ಕ್," ಎಂದರು ಮಾವ, ಪರದೆಯಿಂದ ಕಣ್ಣು ತೆಗೆಯದೆ. "ಚಹಾ ಹೊತ್ತು. ಅವಳು ಬಗ್ಗಿಸ್ತಿದಾಳೆ."

ಹಿಂಡರ್ಕ್ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಅವನು ಮೆಟ್ಟಿಲಿಳಿದು ಹೋದ ಸದ್ದು ಕೇಳಿಸಿತು, ಹಿಂದೆಯೇ ಅತ್ತೆಯ ದನಿ: ಈ ಗಾಳೀಲಿ ಎಲ್ಲಿಗ್ ಹೋಗ್ತೀಯ, ಕೂತ್ಕೋ.

ಗೊತ್ತಾಗತ್ತೆ ಎಂದಿದ್ದರಲ್ಲ ಅತ್ತೆ. ಗೊತ್ತಾಯಿತು ಎನಿಸಿತು ನನಗೆ.

ಮಾರನೆಯ ದಿನ ಮೆನ್ನೊ ಯಾರದೋ ಮನೆಗೆ ಆಂಟೆನಾ ಹಾಕಲು ಹೋಗಿದ್ದ. ಮಾವ ಬರುವ ಮೊದಲೇ ನಾನು ಲಾಟೀನು ತೆರೆದು ಅಡುಗೆಮನೆಗೆ ಒಂದು ಸಾಲು ಸೇರಿಸಿದೆ: ಮಾತುಗಳೆಲ್ಲ ಒಂದು ಸುತ್ತು ಮುಗಿದು ಮತ್ತೆ ಶುರುವಾಗುವ ಜಾಗದಲ್ಲಿ ಹೆಸರಿರುವ ತುಣುಕು ಬರಲಿ. ಅಷ್ಟೇ. ಒಂದು ಸಾಲು. ಯಾರಿಗಾದರೂ ಕಲಿಸಿಕೊಡಬಹುದಾದಷ್ಟು ಸುಲಭ, ಅದಕ್ಕೇ ತಾನೇ ಲಾಟೀನು ಎಂದರೆ ಅಷ್ಟು ಜನಕ್ಕೆ ಪ್ರಾಣ.

ಮಾವ ಬಂದರು. ಗಂಟು ಬಿಚ್ಚಿದರು. ಕಪ್ಪಿಗೆ ಕಲ್ಲುಸಕ್ಕರೆ ಹಾಕಿ ಚಹಾ ಬಗ್ಗಿಸಿಕೊಂಡರು, ಕೆನೆ ಬಿಟ್ಟರು. ಪರದೆಯಲ್ಲಿ ಅವಳೂ ಬಗ್ಗಿಸಿದಳು. ಜಪ್ತಿಗೆ ಬಂದೋರು ಮಾತ್ರ. ಕಲಕ್ಬೇಡ. ಕಲ್ಲುಸಕ್ಕರೆ. ಗಾಳಿ. ಮಾವ "ಹ್ಞೂಂ" ಎಂದರು. ಕೆಮ್ಮು.

"ಓಕ್ಕೊ, ಸಾಕು ಮಾರಾಯ ಇನ್ನು. ಚಮಚ ಇಡು."

ಮಾವ ಕದಲಲಿಲ್ಲ. ಕಪ್ಪು ತುಟಿಯ ಹತ್ತಿರವೇ ಇತ್ತು. ಪರದೆಯ ಅಜ್ಜಿ ಏನೂ ಆಗದವಳಂತೆ ಮತ್ತೆ ಕೆಟಲು ಎತ್ತಿದಳು.

"ಹೆಸರು ಹಿಡಿದು ಕರೆದ್ಲು," ಎಂದರು ಮಾವ.

"ಹೌದು ಮಾವ."

"ಯಾವಾಗ ಹೇಳಿದ್ದು ಇದು?"

"ನೀವು ಹಿತ್ತಲಲ್ಲಿ ಸೌದೆ ಜೋಡಿಸ್ತಿದ್ರಿ. ಕಿಟಕಿಯಿಂದ ನಿಮ್ಮನ್ನ ನೋಡ್ತಾ ಇದ್ರು. ತುಂಬ ದಿನ ಕೂತ್ಬಿಟ್ರೆ ಕೇಳ್ಸು ಅಂದ್ರು."

ಅವರು ತಲೆಯಾಡಿಸಿದರು. ನಿಧಾನವಾಗಿ ಕಪ್ಪಿನಲ್ಲಿ ಉಳಿದಿದ್ದನ್ನು ಕುಡಿದರು. ತಳದ ಸಿಹಿಯನ್ನೂ ಬಿಡದೆ ಕುಡಿದರು. ನಾನು ಮೌಸನ್ನು ಅವರ ಕಡೆ ಸರಿಸಿದೆ, ಪರದೆಯ ಚಮಚ ತೋರಿಸಿದೆ. ಅದನ್ನಿಟ್ಟರೆ ಬಾಗಿಲ ಹತ್ತಿರದ ಮಾತು ಬರುತ್ತದಲ್ಲ, ಏರಿ ಮೇಲೆ ಹೋಗ್ಬೇಡ, ದೀಪ ಇಟ್ಟಿರ್ತೀನಿ ಎಂಬ ಮಾತು. ಅವರು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಕೇಳಲಿ ಎಂದು ನನಗೆ ಎಷ್ಟು ಆಸೆಯಿತ್ತು ಗೊತ್ತೇ?

ಮಾವ ಮೌಸ್ ಮುಟ್ಟಲಿಲ್ಲ. ತಟ್ಟೆಯಲ್ಲಿದ್ದ ತಮ್ಮ ಚಮಚ ಎತ್ತಿ ತಮ್ಮ ಕಪ್ಪಿನಲ್ಲಿಟ್ಟರು. ಟಿಣ್ ಎಂದಿತು. ಎದ್ದರು. ಟೋಪಿ ಹಾಕಿಕೊಂಡು, ಗಂಟು ಕಟ್ಟದೆ, ಕಪ್ಪನ್ನು ಅಲ್ಲೇ ಬಿಟ್ಟು ಇಳಿದು ಹೋದರು.

ಮೆನ್ನೊ ಬಂದಾಗ ಪರದೆಯಲ್ಲಿ ಅಮ್ಮ ಇನ್ನೂ ಬಗ್ಗಿಸುತ್ತಲೇ ಇದ್ದಳು, ಮೇಜಿನ ಮೇಲೆ ಅಪ್ಪನ ಕಪ್ಪಿನಲ್ಲಿ ಚಮಚ ನಿಂತಿತ್ತು. ಅದನ್ನು ನೋಡಿ ನಿಂತುಬಿಟ್ಟ. ಅಷ್ಟರಲ್ಲಿ ಸುತ್ತು ಮುಗಿದು ಆ ತುಣುಕು ಬಂತು, ಹೆಸರಿನ ಸಮೇತ. ನಾನು ಎಲ್ಲವನ್ನೂ ಹೇಳಿದೆ.

"ನಂಗ್ ಹೇಳ್ಬಹುದಿತ್ತು," ಎಂದ.

"ಹೇಳ್ಬೇಡ ಅಂದಿದ್ರು."

"ಅಮ್ಮಂಗೇನ್ ಗೊತ್ತಿತ್ತು? ಅಪ್ಪ ಕೂರ್ತಾನೆ ಅಂತ ಗೊತ್ತಿತ್ತು. ಅಪ್ಪನ್ ಜೊತೆ ನಾನೂ ಕೂರ್ತೀನಿ ಅಂತ ಗೊತ್ತಿತ್ತಾ?" ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದ. "ಅವನು ಬರ್ತಿದ್ದಿದ್ದು ಅವಳ್ನ ಕೇಳೋಕೆ. ಆದ್ರೆ ಕೂತಿದ್ದಿದ್ದು ನನ್ನ ಮನೇಲಿ ಇಮ್ಕೆ. ನಾನು ಹಚ್ಚಿಕೊಟ್ಟ ಬ್ರೆಡ್ ತಿಂತಿದ್ದ. ಹುಟ್ಟಿದಾಗಿಂದ ಅಪ್ಪನ್ ಜೊತೆ ಅಷ್ಟ್ ಹೊತ್ತು ಕೂತಿರ್ಲಿಲ್ಲ ನಾನು."

ಇದಕ್ಕೆ ಇನ್ನೂ ಏನೂ ಬರೆದಿಲ್ಲ.

ಮಾವ ಮತ್ತೆ ಮಹಡಿ ಹತ್ತಲಿಲ್ಲ. ಕಾಸೆಲ್‌ಗೆ ಮೆನ್ನೊ ಹೋದ, ನನ್ನನ್ನೂ ಕರೆದುಕೊಂಡು ಹೋದ, ದಾರಿಯುದ್ದಕ್ಕೂ ರೇಡಿಯೊ ಹಾಕಿಕೊಂಡು. ಆಟ ಹಾಲ್ ತುಂಬ ಓಡಿತು. ಪೋಲ್ಡಿ ಚಮಚ ಇಟ್ಟು ಹೊರಬಂದು ಕುರ್ಚಿಯ ಮೇಲೆ ಹತ್ತಿ ಕೂಗಿದ. ಯಾರ್ಯಾರೋ, ಎಲ್ಲೆಲ್ಲಿಯವರೋ, ಅತ್ತೆ ಅವರನ್ನು ಬಾಗಿಲವರೆಗೆ ಕಳಿಸಿಕೊಟ್ಟರು. ಕೆಳಗಿನ್ ದಾರೀಲ್ ಹೋಗು ಎಂದರು. ದೀಪ ಇಟ್ಟಿರ್ತೀನಿ ಎಂದರು. ಅದನ್ನು ಕೇಳದೆ ಉಳಿದವರು ಓಕ್ಕೊ ಮಾವ ಒಬ್ಬರೇ. ಮೆನ್ನೊ ಮೇಜಿನ ಹಿಂದೆ ನಿಂತು ಎಲ್ಲರ ಕೈ ಕುಲುಕಿದ. ಕೊನೆಯ ಕೋಣೆ ಮುಗಿಸಿದ ನಮ್ಮವರಲ್ಲಿ ಅವನೇ ಮೊದಲಿಗ. ಒಬ್ಬರೂ ಅವನ ಮುಖ ನೋಡಲಿಲ್ಲ, ಎಲ್ಲರಿಗೂ ಪರದೆ ಸಾಕಾಗಿತ್ತು.

ವಾಪಸು ಬಂದ ಮೇಲೆ ನಾನು ಮಾವನ ಮನೆಗೆ ಹೋದೆ, ಅವರ ಕಪ್ಪು ಕೊಡುವ ನೆಪದಲ್ಲಿ. ಬಾಗಿಲು ಕಿರ್ ಎನ್ನಲಿಲ್ಲ. ಕೀಲಿಗೆ ಎಣ್ಣೆ ಬಿಟ್ಟಿದ್ದರು. ಮೇಜಿನ ಮೇಲೆ ಒಂದು ದಪ್ಪ ಲೋಟ, ಅದರಲ್ಲಿ ಕಾಫಿ. ನಮ್ಮ ಕಡೆ ಓಕ್ಕೊ ಮಾವನಂಥ ಮನುಷ್ಯ ಚಹಾ ಹೊತ್ತಿನಲ್ಲಿ ಕಾಫಿ ಕುಡಿಯುವುದನ್ನು ನೀವು ನೋಡಿದ್ದರೆ!

"ಚಹಾ ಬಿಟ್ರಾ ಮಾವ?"

"ಸಾಕು ಅಂದ್ಲಲ್ಲ ಅವಳು."

"ಹಂಗಲ್ಲ ಮಾವ, ಅವ್ರು ಹೇಳ್ದಿದ್ದು..."

"ನಂಗ್ ಗೊತ್ತು ಕಣಮ್ಮ ಅವಳು ಹೇಳ್ದಿದ್ದು ಏನು ಅಂತ. ನಲವತ್ ವರ್ಷ ಕೇಳಿದೀನಿ." ಕಪ್ಪು ತೆಗೆದುಕೊಂಡು, ಒಳಗೆ ಚಮಚ ಇದೆಯೇ ನೋಡಿ, ಬೀರುವಿನ ಹಿಂದಿನ ಸಾಲಿನಲ್ಲಿಟ್ಟರು. ಬೀರುವಿನ ಬಾಗಿಲು ಮುಚ್ಚುತ್ತ ಕೇಳಿದರು, "ಇನ್ನೇನಾದ್ರೂ ಹೇಳಿದ್ಲಾ?"

ಬಾಗಿಲ ಹತ್ತಿರದ ಮಾತಿದೆ ಮಾವ, ಬನ್ನಿ ಕೇಳಿಸುತ್ತೇನೆ ಎಂದೆ. ಅವರು ಕಿಟಕಿಯಾಚೆ ಏರಿಯನ್ನು ನೋಡಿದರು. "ಇರ್ಲಿ," ಎಂದರು. "ಅದೊಂದು ಅಲ್ಲೇ ಇರ್ಲಿ."

ಹಿಂಡರ್ಕ್ ಹೇಳುತ್ತಾನೆ, ಒಂದು ದಿನ ಮಾವ ದೋಣಿಗೆ ಬಂದಿದ್ದರಂತೆ. ಗಂಟೆ ಹೊಡೆಯಲಿಲ್ಲವಂತೆ. ಹಿಂದಿನ ಬೆಂಚಿನಲ್ಲಿ ಕೂತು ಆ ದಡಕ್ಕೆ ಹೋಗಿ, ಇಳಿಯದೆ, ಈ ದಡಕ್ಕೆ ಬಂದರಂತೆ. ಅದು ಒಳ್ಳೆಯದೋ ಅಲ್ಲವೋ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೆನ್ನೊ ಈಗಲೂ ಚಹಾ ಹೊತ್ತಿಗೆ ಅಂಗಡಿ ಮುಚ್ಚಿ ಮೇಲೆ ಹೋಗುತ್ತಾನೆ, ಇಬ್ಬರಿಗಾಗುವಷ್ಟು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾನೆ. ನನ್ನ ಜೊತೆ ಮಾತಾಡುತ್ತಾನೆ, ಲಾಟೀನಿನ ವಿಷಯ ಮಾತ್ರ.

ಹೆಸರಿದ್ದ ಆ ತುಣುಕು ನನ್ನ ಕೈಯಲ್ಲಿತ್ತು. ಕೂತ ಮನುಷ್ಯ ನನ್ನ ಕಣ್ಣೆದುರಿಗಿದ್ದರು. ಸತ್ತವರಿಗೆ ಕೊಟ್ಟ ಮಾತು ಒಂದು ಕಡೆ, ಬದುಕಿರುವ ಮೆನ್ನೊ ಬೇಡ ಎಂದ ಮಾತು ಇನ್ನೊಂದು ಕಡೆ. ನನ್ನ ಜಾಗದಲ್ಲಿ ನೀವಿದ್ದಿದ್ದರೆ, ಆ ಒಂದು ಸಾಲು ಸೇರಿಸುತ್ತಿದ್ದಿರಾ?